ಪದ್ದಜ್ಜಿಯನ್ನು ಬೀಳಿಸುವ ಕಷ್ಟ

ಹೋಟೆಲಿಗೆ ಹೋದರೆ ಯಾರೂ ಕೇಳದ ತಿಂಡಿಯನ್ನು ಕೇಳುವುದು ನನ್ನ ಹಳೆಯ ಚಟ. ಜೊತೆಗಿದ್ದವರೆಲ್ಲ ಮಸಾಲೆ ದೋಸೆ, ಮಸಾಲೆ ದೋಸೆ ಎನ್ನುವಾಗ ನನಗೆ ಶಾವಿಗೆ ಬಾತಿನ ಮೇಲೆ ಕನಿಕರ ಹುಟ್ಟುತ್ತದೆ. ಪಾಪ, ಅದೂ ಬೆಳಗ್ಗೆಯೇ ಎದ್ದು, ಒಗ್ಗರಣೆ ಹಾಕಿಸಿಕೊಂಡು, ಯಾರಾದರೂ ಕೂಗುತ್ತಾರೇನೋ ಎಂದು ಪಾತ್ರೆಯಲ್ಲಿ ಕೂತಿರುತ್ತದಲ್ಲ ಎನ್ನಿಸುತ್ತದೆ. ಗಾಂಧಿ ಬಜಾರಿನ ಹಿಂದಿನ ರಸ್ತೆಯ ಒಂದು ಚಿಕ್ಕ ಹೋಟೆಲಿನಲ್ಲಿ ಶಾವಿಗೆ ಬಾತನ್ನು ನಿಜಕ್ಕೂ ಚೆನ್ನಾಗಿ ಮಾಡುತ್ತಿದ್ದರು. ಒಂದು ಭಾನುವಾರ ಹೋಗಿ ಕೇಳಿದರೆ ಸಪ್ಲೈಯರ್ ತಲೆ ಕೆರೆದುಕೊಂಡು, "ಅದು ನಿಲ್ಸಿಬಿಟ್ವಿ ಮೇಡಂ. ನೀವೊಬ್ಬರೇ ಕೇಳ್ತಾ ಇದ್ದಿದ್ದು" ಎಂದ. ಆ ದಿನ ನಾನು ಬರೀ ಕಾಫಿ ಕುಡಿದು ಎದ್ದು ಬಂದೆ. ಹೋಟೆಲಿನವರಿಗೆ ನನ್ನ ಪ್ರತಿಭಟನೆ ಗೊತ್ತಾಗಿರಲಿಕ್ಕಿಲ್ಲ.

ಮೊನ್ನೆ ಅಣ್ಣನ ಮಗ ಮನೆಗೆ ಬಂದಿದ್ದ. ಕಾಲೇಜಿಗೆ ಹೋಗುವ ಹುಡುಗ, ಮೀಸೆ ಬಂದಿದೆ, ಆದರೂ ಮುಖ ಊದಿಸಿಕೊಂಡು ಸೋಫಾದ ಮೂಲೆ ಸೇರಿದ್ದ. ಏನೋ ಎಂದರೆ, ಅವನು ಆಡುವ ಹೊಡೆದಾಟದ ವಿಡಿಯೋ ಗೇಮಿನ ಹೊಸ ಆವೃತ್ತಿ ಬಂದಿದೆಯಂತೆ, ಅದರಲ್ಲಿ ಅವನ ಅಚ್ಚುಮೆಚ್ಚಿನವನನ್ನೇ ಕೈಬಿಟ್ಟಿದ್ದಾರಂತೆ. "ಆಡೋಕೆ ಎಷ್ಟು ಚೆನ್ನಾಗಿದ್ದ ಗೊತ್ತಾ ಅತ್ತೆ? ಜನ ಅವನನ್ನ ತಗೊಳ್ಳಲ್ಲ ಅಂತ ತೆಗೆದೇಬಿಟ್ಟಿದಾರೆ. ಅವನ ಜಾಗಕ್ಕೆ ಯಾವನೋ ಸ್ಟೈಲಾಗಿರೋನನ್ನ ಹಾಕಿದಾರೆ. ನೆಟ್ಟಗೆ ಒಂದು ಗುದ್ದೋಕೂ ಬರಲ್ಲ ಅವನಿಗೆ!" ಎಂದು ಹಲುಬಿದ. ಅಣ್ಣ ಶಶಿ, "ಮೊದಲು ಊಟ ಮಾಡು" ಎಂದು ಆ ವಿಷಯವನ್ನು ಅಲ್ಲಿಗೇ ಮುಗಿಸಿದ. ಅಪ್ಪಂದಿರಿಗೆ ಎಲ್ಲ ದುಃಖಕ್ಕೂ ಊಟವೇ ಔಷಧ.

ನಾನು ಮಾತ್ರ ಅವನ ದುಃಖವನ್ನು ಗಂಭೀರವಾಗಿ ತೆಗೆದುಕೊಂಡೆ. ಹೊಡೆದಾಟದ ಆಟದಲ್ಲಿ ಯಾರಿರಬೇಕು, ಆಡಲು ಚೆನ್ನಾಗಿರುವವರೋ, ಜನಕ್ಕೆ ಬೇಕಾದವರೋ ಎಂಬ ಪ್ರಶ್ನೆ ನಿಮಗೆ ಸೊಳ್ಳೆಯಷ್ಟು ಚಿಕ್ಕದಾಗಿ ಕಾಣಬಹುದು. ನನಗೆ ಹಾಗೆ ಕಾಣುವುದಿಲ್ಲ. ಒಂದು ಕಾಲದಲ್ಲಿ ನಾನೇ ಅಂಥ ಆಟದೊಳಗಿದ್ದೆ. ಒಳಗಿದ್ದೆ ಎಂದರೆ, ಕೈ ಬೀಸಿ, ಕಾಲೆತ್ತಿ ಹೊಡೆದಾಡುವ ಪಾತ್ರವಾಗಿ.

ಮೊದಲಿಂದ ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ನಮ್ಮ ಚಾಮರಾಜಪೇಟೆಯಲ್ಲಿ ಒಂದು ವಿಡಿಯೋ ಗೇಮ್ ಪಾರ್ಲರ್ ಇತ್ತು. ಪಾರ್ಲರ್ ಎಂದರೆ ಹೆಸರಿಗಷ್ಟೇ, ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಕತ್ತಲೆ ಕೋಣೆ. ಬೆವರು, ಗ್ರೀಸು, ಬೋಟಿ ಪ್ಯಾಕೆಟ್ಟು ಎಲ್ಲ ಸೇರಿದ ಒಂದು ವಾಸನೆ ಅಲ್ಲಿಗೇ ಮೀಸಲು. ಹುಡುಗಿಯರು ಅಲ್ಲಿಗೆ ಹೋಗುತ್ತಿರಲಿಲ್ಲ. ನಾನು ಶಶಿಯನ್ನು ಮನೆಗೆ ಕರೆತರುವ ನೆಪದಲ್ಲಿ ಹೋಗುತ್ತಿದ್ದೆ, ಕರೆಯುವ ಮೊದಲು ಒಂದು ಆಟ ಆಡುತ್ತಿದ್ದೆ. ಪರದೆಯ ಮೇಲಿನ ಯೋಧರ ಹೆಸರು ಯಾರಿಗೂ ಓದಲು ಬರುತ್ತಿರಲಿಲ್ಲವಾದ್ದರಿಂದ ಪೇಟೆಯ ಹುಡುಗರೇ ನಾಮಕರಣ ಮಾಡಿದ್ದರು. ಒಬ್ಬ ಜಡೆ, ಒಬ್ಬ ಬೋಂಡ. ಎಲ್ಲರಿಗೂ ಜಡೆಯೇ ಬೇಕು. ನನಗೆ ಬೋಂಡ. ಶಾವಿಗೆ ಬಾತಿನ ಚಟ ಆಗಲೇ ಇತ್ತು ಅನ್ನಿ. ಸೋತು ಸೋತು ನನಗೊಂದು ಗುಟ್ಟು ತಿಳಿಯಿತು. ಬೋಂಡ ನಿಧಾನ, ನಿಜ. ಆದರೆ ಎದುರಿನವನು ಹಾರುವ ತನಕ ತಾಳ್ಮೆಯಿಂದ ಕಾದು ಒಂದು ಬಿಟ್ಟರೆ ಅವನು ಮತ್ತೆ ಏಳುವುದಿಲ್ಲ. ಈ ಜ್ಞಾನ ನನಗೆ ಮುಂದೆ ಜೀವನದಲ್ಲಿ ಎಲ್ಲೂ ಉಪಯೋಗಕ್ಕೆ ಬಂದಿಲ್ಲ.

ಎರಡು ಸಾವಿರದ ಇಸವಿ ದಾಟುವಷ್ಟರಲ್ಲಿ ಪಾರ್ಲರ್ ಮುಚ್ಚಿತ್ತು, ಮನೆಗಳಿಗೆ ಕಂಪ್ಯೂಟರ್ ಬರತೊಡಗಿತ್ತು. ನಮ್ಮ ಬೀದಿಗೆ ಮೊದಲು ಬಂದದ್ದು ಎದುರುಮನೆಯ ಪ್ರಸನ್ನನಿಗೆ. ಅವನನ್ನು ಎಲ್ಲರೂ ಕರೆಯುವುದು ಪಚ್ಚಿ ಎಂದು. ನನ್ನದೇ ವಯಸ್ಸು. ನಾನು ಬಿ.ಎಸ್ಸಿ., ಅವನು ಎಂಜಿನಿಯರಿಂಗ್. ಯಾವುದೋ ಕಂಪ್ಯೂಟರ್ ಪತ್ರಿಕೆಯ ಜೊತೆ ಬಿಟ್ಟಿಯಾಗಿ ಬಂದ ಸಿ.ಡಿ.ಯಲ್ಲಿ ಅವನಿಗೊಂದು ವಿಚಿತ್ರ ಸಾಫ್ಟ್‌ವೇರ್ ಸಿಕ್ಕಿತು. ಅದರಲ್ಲಿ ನಾವೇ ಹೊಡೆದಾಟದ ಆಟ ತಯಾರಿಸಬಹುದಾಗಿತ್ತು. ನಮಗೆ ಬೇಕಾದವರ ಫೋಟೋ ತೆಗೆದು ಒಳಗೆ ಹಾಕಿದರೆ ಅವರೇ ಯೋಧರು. ನಿಂತ ಫೋಟೋ, ನಡೆಯುವ ಫೋಟೋ, ಗುದ್ದುವ ಫೋಟೋ, ಒದೆಯುವ ಫೋಟೋ, ಕೊನೆಗೆ ಬಿದ್ದ ಫೋಟೋ. ಇಷ್ಟಿದ್ದರೆ ಮುಗಿಯಿತು.

ಪಚ್ಚಿ ಚಿಕ್ಕಪ್ಪನ ಡಿಜಿಟಲ್ ಕ್ಯಾಮೆರಾ ತಂದ. ಮಹಡಿಯ ಮೇಲೆ ಬಟ್ಟೆ ಒಣಹಾಕುವ ತಂತಿಗೆ ಅವರಪ್ಪನ ಬಿಳಿ ಪಂಚೆ ಕಟ್ಟಿದ. ಹಿಂದಿನ ಬಣ್ಣವನ್ನು ಕಂಪ್ಯೂಟರ್ ತಾನೇ ಅಳಿಸಿಹಾಕುತ್ತದೆ ಎನ್ನುವುದು ಅವನ ವಿಜ್ಞಾನ. ಮೊದಲು ನಿಂತವನು ಶಶಿ, ಬಿಳಿ ಬನೀನು ಹಾಕಿಕೊಂಡು. ಕಂಪ್ಯೂಟರ್ ಪಂಚೆಯ ಜೊತೆ ಬನೀನನ್ನೂ ಅಳಿಸಿತು. ಪರದೆಯ ಮೇಲೆ ಒಂದು ತಲೆ, ಎರಡು ಕೈ, ಒಂದು ಪ್ಯಾಂಟು ಮಾತ್ರ ಓಡಾಡತೊಡಗಿದವು. ಶಶಿಗೆ ಅದೇ ಇಷ್ಟವಾಗಿ, "ಹೀಗೇ ಇರ್ಲಿ ಮಗಾ, ನನಗೆ ಹೊಟ್ಟೆ ಮೇಲೆ ಯಾರೂ ಹೊಡೆಯೋಕಾಗಲ್ಲ" ಎಂದ. ಪಚ್ಚಿ ಒಪ್ಪದೆ ಪಂಚೆ ಬಿಚ್ಚಿ, ಅವರಮ್ಮನ ಗಿಣಿಹಸಿರು ಸೀರೆಯನ್ನು ಕಟ್ಟಿದ. ಅವರಮ್ಮ ರುಕ್ಮಿಣಿ ಆಂಟಿಗೆ ಅದು ಗೊತ್ತಾದದ್ದು ಎರಡು ದಿನ ತಡವಾಗಿ.

ಆಮೇಲೆ ಬೀದಿಯವರು ಒಬ್ಬೊಬ್ಬರಾಗಿ ಮಹಡಿ ಹತ್ತಿದರು. ಹೂವು ಮಾರುವ ಗೌರಮ್ಮ ಬುಟ್ಟಿ ಕೆಳಗಿಟ್ಟು ಬಂದು, ಮೊಳ ಹಾಕುವ ಹಾಗೆ ಕೈ ಚಾಚಿ ನಿಂತರು. ಆಟದಲ್ಲಿ ಅವರ ಕೈ ಪರದೆಯ ಆ ತುದಿಯವರೆಗೆ ಹೋಗುತ್ತಿತ್ತು. ಗಣೇಶನ ಹಬ್ಬದ ಸಮಿತಿಯ ಮುಖಂಡ ನಾಗರಾಜಣ್ಣನದು ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ. ಅವರು ಎಲೆಕೋಸು ಎಸೆಯುವ ಭಂಗಿಯಲ್ಲಿ ನಿಂತರು, ಎಲೆಕೋಸನ್ನೂ ಅವರೇ ತಂದಿದ್ದರು. ನಾನು ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಗಾಳಿಯಲ್ಲಿ ಒದ್ದೆ. ಒದ್ದ ರಭಸಕ್ಕೆ ಚಪ್ಪಲಿ ಹಾರಿ ಪಕ್ಕದ ಮನೆಯ ಹಪ್ಪಳದ ಮೇಲೆ ಬಿತ್ತು. ಆ ಹಪ್ಪಳದ ಗಲಾಟೆಯನ್ನು ಇಲ್ಲಿ ಹೇಳುವುದಿಲ್ಲ.

ನನ್ನ ಪಾತ್ರದ ಮೇಲೆ ಪಚ್ಚಿ ತುಂಬ ಶ್ರಮಪಟ್ಟಿದ್ದ. ಬೋಂಡನ ಗುಟ್ಟನ್ನು ನಾನೇ ಅವನಿಗೆ ಹೇಳಿಕೊಟ್ಟಿದ್ದೆ. ಕಾಯಬೇಕು, ಎದುರಿನವರು ತಪ್ಪುವ ಹೊತ್ತಿಗೆ ಸರಿಯಾಗಿ ಗುಂಡಿ ಒತ್ತಬೇಕು, ಆಗ ನನ್ನ ಒದೆತಕ್ಕೆ ಸಮನಿಲ್ಲ. "ಆಡೋಕೆ ನೀನೇ ಬೆಸ್ಟ್ ಕಣೇ ಸುಮಿ" ಎಂದು ಅವನು ಹೇಳಿದಾಗ ನನಗೆ ಯೂನಿವರ್ಸಿಟಿ ರ‍್ಯಾಂಕ್ ಬಂದಷ್ಟು ಸಂತೋಷವಾಯಿತು. ಯೂನಿವರ್ಸಿಟಿ ಅಂಥದ್ದೇನೂ ಕೊಡುವ ಲಕ್ಷಣವಿರಲಿಲ್ಲ, ಆ ಮಾತು ಬೇರೆ.

ಪಾತ್ರವನ್ನು ಆರಿಸಿಕೊಳ್ಳುವ ಪರದೆಯಲ್ಲಿ ಎಂಟು ಚೌಕಗಳಿದ್ದವು. ಎಂಟು ಜನರೂ ತುಂಬಿದ್ದರು. ಆಗ ಪದ್ದಜ್ಜಿ ಬಂದರು.

ಪದ್ದಜ್ಜಿ ಪಚ್ಚಿಯ ಅಪ್ಪನ ತಾಯಿ. ಬೀದಿಗೆಲ್ಲ ಅಜ್ಜಿ. ಚೌಕಾಬಾರದಲ್ಲಿ ಅವರನ್ನು ಗೆದ್ದವರು ಕಡಿಮೆ. ನಾವು ಚಿಕ್ಕವರಿದ್ದಾಗ ಮಧ್ಯಾಹ್ನ ಅವರ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಕೂತರೆ ಅಜ್ಜಿ ಮಕ್ಕಳು ಮರಿ ಎಂದು ನೋಡುತ್ತಿರಲಿಲ್ಲ. ಇನ್ನೊಂದೇ ಮನೆ ದಾಟಿದರೆ ಹಣ್ಣಾಗುವ ನಮ್ಮ ಕಾಯನ್ನು ಹುಡುಕಿ ಹೊಡೆಯುತ್ತಿದ್ದರು. ನಾವು ಅಳುತ್ತಿದ್ದೆವು. ಅವರು ಕವಡೆ ಗಲಗಲ ಆಡಿಸುತ್ತಾ, "ಅತ್ತರೆ ಕಾಯಿ ವಾಪಸ್ ಬರತ್ತೇನೇ? ಕಣ್ಣೊರೆಸ್ಕೊಂಡು ಆಡು" ಎನ್ನುತ್ತಿದ್ದರು. ಅವರ ಮೇಲೆ ನಮಗೆಷ್ಟು ಕೋಪ ಬರುತ್ತಿತ್ತೆಂದರೆ ಮಾರನೆಯ ದಿನ ಊಟ ಮುಗಿಸಿದ್ದೇ ಮತ್ತೆ ಅಲ್ಲಿಗೇ ಓಡುತ್ತಿದ್ದೆವು.

ನಾನು ಹೇಳುತ್ತಿರುವ ವರ್ಷದ ಹಿಂದಿನ ವರ್ಷ ಅಜ್ಜಿ ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿ ಬಂದಿದ್ದರು. ಬಂದ ಮೇಲೆ ಗಟ್ಟಿಯಾಗಿಯೇ ಇದ್ದರು. ಆದರೂ ಮನೆಯಲ್ಲಿ ಅವರನ್ನು ಗಾಜಿನ ಲೋಟದ ಹಾಗೆ ನೋಡಿಕೊಳ್ಳುತ್ತಿದ್ದರು. ಮೆಟ್ಟಿಲು ಹತ್ತಬೇಡಿ, ಗಟ್ಟಿಯಾಗಿ ಮಾತಾಡಬೇಡಿ, ಬೇಜಾರು ಮಾಡಿಕೊಳ್ಳಬೇಡಿ. ಮಹಡಿಯಲ್ಲಿ ಬೀದಿಯವರೆಲ್ಲ ಕುಣಿಯುತ್ತಿರುವುದನ್ನು ಕೇಳಿಸಿಕೊಂಡ ಅಜ್ಜಿ, "ನನ್ನದೂ ತೆಗಿಯೋ ಪಚ್ಚಿ" ಎಂದರು. ಹಸಿರು ಸೀರೆ ಕೆಳಗಿಳಿದು ನಡುಮನೆಯ ಕಿಟಕಿಗೆ ಬಂತು. ಅಜ್ಜಿ ಕೆಂಪು ಪಟ್ಟೆಯ ಸೀರೆಯುಟ್ಟು ನಿಂತರು. ಮುಷ್ಟಿ ತುಂಬ ಕವಡೆ ಹಿಡಿದು ಬೀಸಿ ಎಸೆದರು. ಬೀಸಣಿಗೆಯಿಂದ ಹೊಡೆಯುವ ಹಾಗೆ ಮಾಡಿದರು. ಅಷ್ಟು ಚೆನ್ನಾದ ಫೋಟೋ ನಮ್ಮ ಯಾರದೂ ಬಂದಿರಲಿಲ್ಲ.

"ಈಗ ಬಿದ್ದ ಹಾಗೆ ಮಲಕ್ಕೊಳ್ಳಿ ಅಜ್ಜಿ" ಎಂದು ನಾನು ಹೇಳಿದ್ದೇ ತಡ, ರುಕ್ಮಿಣಿ ಆಂಟಿ ಒಗ್ಗರಣೆ ಸೌಟು ಹಿಡಿದೇ ಅಡುಗೆಮನೆಯಿಂದ ಓಡಿ ಬಂದರು.

"ಬುದ್ಧಿಗಿದ್ಧಿ ಇದೆಯೇನೇ? ಈ ವಯಸ್ಸಲ್ಲಿ ಅವರನ್ನ ನೆಲದ ಮೇಲೆ ಅಂಗಾತ ಮಲಗಿಸಿ ಫೋಟೋ ತೆಗೀತೀರಾ? ಬಿಡ್ತು ಅನ್ನಿ!"

ನಾವು ಬಿಡ್ತು ಎಂದೆವು. ಬಿದ್ದ ಫೋಟೋ ತೆಗೆಯಲಿಲ್ಲ. ಅಷ್ಟಕ್ಕೇ ನಿಲ್ಲಲಿಲ್ಲ. ಸಂಜೆ ಪಚ್ಚಿ ಅಜ್ಜಿಯನ್ನು ಆಟದೊಳಗೆ ಬಿಟ್ಟು ಪರೀಕ್ಷೆ ಮಾಡುತ್ತಿದ್ದಾಗ, ಪರದೆಯ ಮೇಲೆ ನಾನು ಹಾರಿ ಅಜ್ಜಿಯ ಎದೆಗೆ ಒದ್ದದ್ದು ಕಾಫಿ ತಂದ ಆಂಟಿಯ ಕಣ್ಣಿಗೆ ಬಿತ್ತು. ಅವರು ಲೋಟವನ್ನು ಮೇಜಿನ ಮೇಲೆ ಕುಕ್ಕಿ, "ಹಿರಿಯರಿಗೆ ಕಾಲು ತಾಗಿಸ್ತೀಯಾ ಸುಮಿ?" ಎಂದರು. ನಾನಲ್ಲ ಆಂಟಿ, ಅದು ಪರದೆಯ ಮೇಲಿನ ನಾನು ಎಂದು ಹೇಳಲು ಬಾಯಿ ತೆರೆದೆ. ಆದರೆ ನನ್ನ ಕೈ ಆಗಲೇ ಪರದೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿತ್ತು. ನಮ್ಮಲ್ಲಿ ಹಿರಿಯರಿಗೆ ಕಾಲು ತಾಗಿದರೆ ಕೈ ತಾನಾಗಿಯೇ ಹಾಗೆ ಹೋಗುತ್ತದೆ, ಕಂಪ್ಯೂಟರ್ ಆದರೇನು.

ಪಚ್ಚಿ ಅಮ್ಮನ ಮಾತಿನಂತೆ ಆಟವನ್ನು ತಿದ್ದಿದ. ಅಜ್ಜಿಗೆ ಯಾರ ಕಾಲೂ ತಾಗದು. ಕೈಯೇಟು ತಾಗುತ್ತದೆ, ಆದರೆ ಅಜ್ಜಿಯ ಶಕ್ತಿ ಪೂರ್ತಿ ಮುಗಿಯದು, ಏಕೆಂದರೆ ಮುಗಿದರೆ ಬೀಳಬೇಕು, ಬೀಳುವ ಫೋಟೋ ಇಲ್ಲ. ನಮ್ಮ ಆಟಕ್ಕೆ ಗಡಿಯಾರವಿರಲಿಲ್ಲ. ಇಬ್ಬರಲ್ಲಿ ಒಬ್ಬರು ಬಿದ್ದರೇ ಆಟ ಮುಗಿಯುವುದು. ಹೀಗಾಗಿ ಪದ್ದಜ್ಜಿಯನ್ನು ಸೋಲಿಸುವ ದಾರಿಯೇ ಉಳಿಯಲಿಲ್ಲ.

ಬೀದಿಯ ಮಕ್ಕಳಿಗೆ ಇದು ಗೊತ್ತಾಗಲು ಅರ್ಧ ದಿನ ಸಾಕಾಯಿತು. ಪಚ್ಚಿಯ ಮನೆ ಮುಂದೆ ಚಪ್ಪಲಿಗಳ ರಾಶಿ. ಬಂದವರೆಲ್ಲ ಆರಿಸುವುದು ಅಜ್ಜಿಯನ್ನೇ. ಗೆಲ್ಲುತ್ತಾರೆ ಎನ್ನುವುದೊಂದೇ ಕಾರಣವಲ್ಲ, ಅಜ್ಜಿ ಎಂದರೆ ಎಲ್ಲರಿಗೂ ಪ್ರೀತಿ. ಕವಡೆ ಎಸೆಯುವಾಗ ಅವರ ಮುಖದಲ್ಲಿ ಬರುವ ನಗು ನೋಡಲು ದೊಡ್ಡವರೂ ಬಾಗಿಲಲ್ಲಿ ನಿಲ್ಲುತ್ತಿದ್ದರು. ಒಂದು ಭಾನುವಾರ ಇಬ್ಬರು ಹುಡುಗರು ಇಬ್ಬರೂ ಅಜ್ಜಿಯನ್ನೇ ಆರಿಸಿಕೊಂಡು ಕೂತರು. ಅಜ್ಜಿಗೂ ಅಜ್ಜಿಗೂ ಯುದ್ಧ. ಬೆಳಗಿನ ತಿಂಡಿಯ ಹೊತ್ತಿಗೆ ಶುರುವಾದದ್ದು, ಊಟಕ್ಕೆ ಕರೆದರೂ ಮುಗಿದಿಲ್ಲ, ಇಬ್ಬರೂ ಅಜ್ಜಿಯರು ಕವಡೆ ಎಸೆಯುತ್ತಲೇ ಇದ್ದಾರೆ. ಕೊನೆಗೆ ಕರೆಂಟು ಹೋಗಿ ಶಾಂತಿ ಸ್ಥಾಪನೆಯಾಯಿತು.

ನನ್ನನ್ನು? ಯಾರೂ ಆರಿಸುತ್ತಿರಲಿಲ್ಲ. ಒಬ್ಬ ಹುಡುಗ ತಪ್ಪಿ ನನ್ನ ಮೇಲೆ ಒತ್ತಿ, "ಅಯ್ಯೋ ಸುಮಕ್ಕ ಬಂದ್ಬಿಟ್ರು" ಎಂದು ವಾಪಸ್ ಹೋದದ್ದನ್ನು ನಾನು ಅವನ ಹಿಂದೆಯೇ ನಿಂತು ನೋಡಿದೆ.

ಗಣೇಶನ ಹಬ್ಬ ಹತ್ತಿರ ಬಂತು. ನಾಗರಾಜಣ್ಣ ಪಚ್ಚಿಯ ಆಟವನ್ನು ಪೆಂಡಾಲಿನಲ್ಲಿಡಲು ಒಪ್ಪಿದರು. ಆರ್ಕೆಸ್ಟ್ರಾ ಶುರುವಾಗುವ ಮುನ್ನ ಬೀದಿಯವರೆಲ್ಲ ಆಡಬಹುದು. ಪಚ್ಚಿಗೆ ಕೈಕಾಲು ನಿಲ್ಲಲಿಲ್ಲ. ತೊಡಕು ಒಂದೇ. ಎಂಟು ಚೌಕಕ್ಕೆ ಒಂಬತ್ತು ಜನರಾಗಿದ್ದೆವು. ಒಂಬತ್ತನೆಯವರನ್ನು ಸೇರಿಸಿದರೆ ಅವನ ಕಂಪ್ಯೂಟರ್ ಆಡುತ್ತಾ ಆಡುತ್ತಾ ಕೂತುಬಿಡುತ್ತಿತ್ತು. ಮನೆಯಲ್ಲಾದರೆ ಸರಿ, ಪೆಂಡಾಲಿನಲ್ಲಿ ಕೂತರೆ ಮಾನ ಹೋಗುತ್ತದೆ. ಒಬ್ಬರು ಹೊರಗೆ ಹೋಗಬೇಕು. ಒಂದೋ ಪದ್ದಜ್ಜಿ, ಇಲ್ಲವೋ ನಾನು.

ಇದನ್ನು ತೀರ್ಮಾನಿಸಲು ಪಚ್ಚಿಯ ಮನೆಯ ಜಗಲಿಯ ಮೇಲೆ ಸಭೆ ಸೇರಿತು.

"ಅಜ್ಜಿ ಇದ್ರೆ ಅದು ಆಟಾನೇ ಅಲ್ಲ ನಾಗರಾಜಣ್ಣ" ಎಂದ ಪಚ್ಚಿ. "ಬೇರೆ ಯಾರನ್ನೂ ತಗೊಳ್ಳೋಕೆ ಕಾರಣಾನೇ ಇರಲ್ಲ. ಸುಮಿ ಇರ್ಲಿ. ಕಲಿತ್ರೆ ಮಜಾ ಇದೆ."

ನಾಗರಾಜಣ್ಣ ಟವೆಲ್ಲಿನಿಂದ ಕತ್ತು ಒರೆಸಿಕೊಂಡರು. "ನೋಡು ಗುರು, ನಾನು ಮಂಡಿಯೋನು. ಜನ ಏನು ಕೇಳ್ತಾರೋ ಅದು ಮುಂದೆ ಇರ್ಬೇಕು. ಅಜ್ಜಿ ಇಲ್ಲ ಅಂದ್ರೆ ಪೆಂಡಾಲಿಗೆ ಬಂದೋರು ಪ್ರಸಾದ ತಗೊಂಡು ಹೋಗ್ತಾ ಇರ್ತಾರೆ. ಸುಮಮ್ಮ, ಬೇಜಾರು ಮಾಡ್ಕೋಬೇಡ, ನಿನ್ನ ನೋಡೋಕೆ ಯಾರು ಬರ್ತಾರಮ್ಮ?"

ನಾನು ಬೇಜಾರು ಮಾಡಿಕೊಳ್ಳದೆ, ಆಟದ ನ್ಯಾಯದ ಬಗ್ಗೆ ಒಂದು ಉದ್ದನೆಯ ಭಾಷಣ ಮಾಡಿದೆ. ಗೆಲ್ಲಲು ಸಮಾನ ಅವಕಾಶ, ಪ್ರತಿಭೆಗೆ ಮನ್ನಣೆ, ಜನಪ್ರಿಯತೆಯ ಅಪಾಯ ಎಲ್ಲ ಬಂದವು. ನನ್ನ ಚೌಕ ಉಳಿಯುವುದಾದರೆ ನಾನು ಇನ್ನೂ ಒಂದು ಗಂಟೆ ಮಾತಾಡಲು ತಯಾರಿದ್ದೆ. ಒಳಗಿನ ಕಿಟಕಿಯ ಹತ್ತಿರ ಪದ್ದಜ್ಜಿ ಕೂತಿರುವುದು ನನಗೆ ಕಾಣಿಸಲಿಲ್ಲ. ನಾಳೆ ನೋಡೋಣ ಎಂದು ಸಭೆ ಎದ್ದಿತು.

ಮಾರನೆಯ ಮಧ್ಯಾಹ್ನ ಅಜ್ಜಿ ನನ್ನನ್ನು ಕರೆಸಿದರು. ಬೈಯಲು ಇರಬೇಕು ಎಂದು ಅಳುಕುತ್ತಲೇ ಹೋದೆ. ನಡುಮನೆಯಲ್ಲಿ ಚೌಕಾಬಾರದ ಮನೆ ಬರೆದು, ಹುಣಿಸೆ ಬೀಜ, ಬಳೆಚೂರು ಜೋಡಿಸಿಟ್ಟುಕೊಂಡು ಕಾಯುತ್ತಿದ್ದರು. "ಕೂತ್ಕೋ, ಒಂದಾಟ ಆಡೋಣ."

ಆಡಿದೆವು. ಸಭೆಯ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಟ ಮುಗಿಯುವ ಹೊತ್ತಿಗೆ ಅವರ ಕೊನೆಯ ಕಾಯಿ ಹಣ್ಣಾಗಲು ಸ್ವಲ್ಪವೇ ಇತ್ತು. ನನಗೆ ಮೂರು ಬಿತ್ತು. ಸರಿಯಾಗಿ ಮೂರು ಮನೆ ಮುಂದೆ ಅವರ ಕಾಯಿ. ಹೊಡೆಯಬಹುದಿತ್ತು. ಅವರ ಹೃದಯ, ಆಸ್ಪತ್ರೆ, ಆಂಟಿಯ ಮುಖ ಎಲ್ಲ ಒಟ್ಟಿಗೆ ನೆನಪಾಗಿ, ಆ ಕಾಯಿ ಕಾಣಿಸಲೇ ಇಲ್ಲವೇನೋ ಎಂಬಂತೆ ಬೇರೊಂದನ್ನು ನಡೆಸಿದೆ.

ಅಜ್ಜಿ ಕವಡೆಗಳನ್ನು ಕೈಗೆ ತೆಗೆದುಕೊಂಡರು. ಎಸೆಯಲಿಲ್ಲ.

"ನೀನೂ ಬಿಟ್ಕೊಟ್ಯಾ?" ಎಂದರು.

"ಇಲ್ಲ ಅಜ್ಜಿ, ನೋಡ್ಲಿಲ್ಲ..."

"ಸುಳ್ಳು ಹೇಳ್ಬೇಡ. ಚಿಕ್ಕವಳಿದ್ದಾಗ ಹದ್ದಿನ ಹಾಗೆ ನೋಡ್ತಿದ್ದೆ ನೀನು." ಅವರ ದನಿ ಏರಲಿಲ್ಲ. "ಆಸ್ಪತ್ರೆಯಿಂದ ಬಂದ ಮೇಲೆ ಈ ಮನೇಲಿ ನಾನು ಒಂದಾಟಾನೂ ಸೋತಿಲ್ಲ ಕಣೇ. ಮಗ ಸೋಲ್ತಾನೆ, ಸೊಸೆ ಸೋಲ್ತಾಳೆ, ಪಚ್ಚಿ ಸೋಲ್ತಾನೆ. ಕೊನೆಗೆ ಬೀದೀಲಿ ಒಬ್ಬಳಾದ್ರೂ ಇದಾಳಾ ನೋಡೋಣ ಅಂತ ನಿನ್ನ ಕರೆಸಿದೆ. ನಿನ್ನೆ ಅಷ್ಟು ದೊಡ್ಡ ಭಾಷಣ ಮಾಡಿದ್ಯಲ್ಲ."

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವರ ಬಗ್ಗೆ ಬಹಳ ಸಂಕಟವಾಯಿತು.

"ನನ್ನ ಜೊತೆ ಯಾರೂ ಆಡ್ತಿಲ್ಲ. ಎಲ್ಲರೂ ನನಗೆ ನಮಸ್ಕಾರ ಮಾಡ್ತಿದಾರೆ ಅಷ್ಟೆ. ಪಚ್ಚಿ ಆ ಡಬ್ಬದೊಳಗೂ ನನ್ನನ್ನ ಹಾಗೇ ಕೂರಿಸಿದಾನೆ." ಕವಡೆಗಳನ್ನು ಬಟ್ಟಲಿಗೆ ಹಾಕಿ ಅಡುಗೆಮನೆಯತ್ತ ತಿರುಗಿದರು. "ರುಕ್ಮಿಣೀ, ಬಾ ಇಲ್ಲಿ. ಆ ಹಸಿರು ಸೀರೆ ತಗೊಂಡ್ ಬಾ. ಪಚ್ಚೀನ ಕರಿ. ನಾನು ಬೀಳ್ಬೇಕು."

ಮುಂದಿನ ಅರ್ಧ ಗಂಟೆ ಆ ಮನೆಯಲ್ಲಿ ನಡೆದದ್ದನ್ನು ನಾನು ಗೋಡೆಗೆ ಒರಗಿ ನಿಂತು ನೋಡಿದೆ. ಆಂಟಿ ಬೇಡವೆಂದರು, ಕೋಪಿಸಿಕೊಂಡರು, ಕೊನೆಗೆ ಅಳತೊಡಗಿದರು. "ನಿಮ್ಮನ್ನ ಐ.ಸಿ.ಯು.ನಲ್ಲಿ ಹಾಗೆ ಮಲಗಿರೋದು ನೋಡಿದೀನಿ ಅತ್ತೆ. ಇನ್ನೊಂದ್ಸಲ ನೋಡೋಕಾಗಲ್ಲ ನನ್ನ ಕೈಲಿ" ಎಂದರು. ಅದು ಶಾಸ್ತ್ರದ ಮಾತಲ್ಲ, ಭಯದ ಮಾತು ಎಂದು ನನಗೆ ಅರ್ಥವಾದದ್ದು ಆಗ.

ಅಜ್ಜಿ ಸೊಸೆಯ ಕೈ ಹಿಡಿದು ಹತ್ತಿರ ಕೂರಿಸಿಕೊಂಡರು. "ಅಲ್ಲಿಂದ ಎದ್ದು ಬಂದಿಲ್ವೇನೇ ನಾನು? ದಿನಾ ಮಲಗಲ್ವಾ, ದಿನಾ ಏಳಲ್ವಾ? ಬಿದ್ದ ಫೋಟೋ ಆದ್ಮೇಲೆ ಎದ್ದ ಫೋಟೋನೂ ತೆಗೀಲಿ. ನೀನೇ ಮಲಗಿಸು ಬೇಕಾದ್ರೆ."

ಆಂಟಿ ಮೂಗು ಒರೆಸಿಕೊಂಡು ಎದ್ದರು. ನೆಲಕ್ಕೆ ಚಾಪೆ, ಚಾಪೆಯ ಮೇಲೆ ಜಮಖಾನ, ಅದರ ಮೇಲೆ ಹಸಿರು ಸೀರೆ ಹಾಸಿದರು. ಅತ್ತೆಯ ಬೆನ್ನಿಗೆ ಕೈ ಕೊಟ್ಟು ನಿಧಾನವಾಗಿ ಇಳಿಸಿದರು. ಪಚ್ಚಿ ಕ್ಯಾಮೆರಾ ಹಿಡಿದು, "ಅಮ್ಮ, ಕೈ ತೆಗಿ, ಫೋಟೋದಲ್ಲಿ ಬರತ್ತೆ" ಎಂದ. ಆಂಟಿ ತೆಗೆಯಲಿಲ್ಲ. "ಅಮ್ಮಾ, ಕೈ!" ಎಂದ. "ನೀನು ತೆಗಿಯೋ ಸುಮ್ನೆ" ಎಂದರು.

ಆ ಕೈಯನ್ನು ಅಳಿಸಲು ಪಚ್ಚಿ ಒಂದು ಸಂಜೆಯೆಲ್ಲ ಒದ್ದಾಡಿದ. ಆಂಟಿಯ ಹಸಿರು ಗಾಜಿನ ಬಳೆಗಳನ್ನು ಕಂಪ್ಯೂಟರ್ ಸೀರೆಯ ಜೊತೆಗೇ ಅಳಿಸಿತು, ಕೈ ಮಾತ್ರ ಉಳಿಯಿತು. ಆಟದಲ್ಲಿ ಬೇರೆ ಯಾರು ಬಿದ್ದರೂ ದೊಪ್ಪೆಂದು ನೆಲಕ್ಕೇ ಬೀಳುತ್ತಿದ್ದರು. ಪದ್ದಜ್ಜಿ ಬೀಳುವಾಗ ಮಾತ್ರ ಎಲ್ಲಿಂದಲೋ ಒಂದು ಕೈ ಬಂದು ಬೆನ್ನಿಗೆ ಆತುಕೊಳ್ಳುತ್ತಿತ್ತು. ಕೊನೆಗೆ ಅವನೇ, "ಇರ್ಲಿ ಬಿಡು" ಎಂದ.

ಅಜ್ಜಿಗೆ ಈಗ ಕಾಲೂ ತಾಗುತ್ತಿತ್ತು, ಶಕ್ತಿಯೂ ಮುಗಿಯುತ್ತಿತ್ತು. ಆಡಿ ನೋಡಿದರೆ ಅವರು ಒಳ್ಳೆಯ ಪಾತ್ರ. ನಿಧಾನ, ಆದರೆ ಕವಡೆ ದೂರದಿಂದ ತಾಗುತ್ತದೆ. ಜನಕ್ಕೂ ಬೇಕು, ಆಟಕ್ಕೂ ಆಗುತ್ತದೆ. ಇಂಥವರಿರುವಾಗ ನಾಗರಾಜಣ್ಣ ಮತ್ತು ಪಚ್ಚಿ ಇಬ್ಬರೂ ರಾಜಿಯಾಗಲು ಏನು ಕಷ್ಟ? ಪಚ್ಚಿ ನನ್ನ ಹತ್ತಿರ ಬಂದು ಚಪ್ಪಲಿಯ ತುದಿ ನೋಡುತ್ತಾ, "ನಿನ್ನನ್ನ ತೆಗೀಬೇಕಾಗತ್ತೆ ಕಣೇ" ಎಂದ. "ತೆಗಿ, ನನಗೇನು" ಎಂದು ಮನೆಗೆ ಬಂದು, ಅಮ್ಮ ಮಾಡಿದ ಕಡುಬನ್ನು ಮುಟ್ಟಲಿಲ್ಲ. ಅಮ್ಮ ಹಣೆ ಮುಟ್ಟಿ ಜ್ವರ ಇದೆಯಾ ಎಂದು ನೋಡಿದರು. ಕಂಪ್ಯೂಟರಿನಿಂದ ನನ್ನನ್ನು ತೆಗೆದುಹಾಕಿದ್ದಾರೆ ಎಂದು ಅಮ್ಮನಿಗೆ ಹೇಗೆ ಹೇಳುವುದು? ನನಗೆ ನಿಜವಾಗಿಯೂ ಅಳು ಬಂದಿತ್ತು. ಇಂದು ನಗು ಬರುತ್ತದೆ, ಆದರೆ ಪೂರ್ತಿ ನಗುವಲ್ಲ.

ಹಬ್ಬದ ಸಂಜೆ ಪೆಂಡಾಲಿಗೆ ಹೋಗುವುದಿಲ್ಲವೆಂದು ಹಟ ಮಾಡಿ, ಆಮೇಲೆ ಹೋಗಿ, ಪ್ರಸಾದ ಹಂಚುವ ಮೇಜಿನ ಹಿಂದೆ ನಿಂತೆ. ಅಲ್ಲಿಂದ ಕಂಪ್ಯೂಟರ್ ಕಾಣುತ್ತಿರಲಿಲ್ಲ ಎನ್ನುವುದೇ ಆ ಜಾಗದ ಗುಣ. ಮೊದಲ ಆಟ ಪದ್ದಜ್ಜಿಯದೇ ಆಗಬೇಕೆಂದು ನಾಗರಾಜಣ್ಣ ಮೈಕಿನಲ್ಲಿ ಕೂಗಿದರು. ಅಜ್ಜಿ ಕೆಂಪು ಪಟ್ಟೆಯ ಸೀರೆಯುಟ್ಟು ಬಂದು ಕುರ್ಚಿಯಲ್ಲಿ ಕೂತರು. ಮಧ್ಯಾಹ್ನಗಳಲ್ಲಿ ಪಚ್ಚಿಯ ಹತ್ತಿರ ಗುಟ್ಟಾಗಿ ಅಭ್ಯಾಸ ಮಾಡಿದ್ದರಂತೆ. ಅವರು ತಮ್ಮನ್ನೇ ಆರಿಸಿಕೊಂಡರು. ಎದುರಿಗೆ ಯಾರು ಬರುತ್ತೀರಿ ಎಂದು ನಾಗರಾಜಣ್ಣ ಕೇಳಿದರೆ, ದಿನವಿಡೀ ಸಾಲು ನಿಂತಿದ್ದ ಹುಡುಗರೆಲ್ಲ ಒಬ್ಬರ ಹಿಂದೊಬ್ಬರು ಅಡಗಿಕೊಂಡರು. ಗಣಪತಿಯ ಮುಂದೆ, ಊರೆಲ್ಲ ನೋಡುವಾಗ ಪದ್ದಜ್ಜಿಗೆ ಒದೆಯುವ ಧೈರ್ಯ ಯಾರಿಗಿದೆ?

"ಸುಮಿ ಎಲ್ಲಿ? ಬಾರೇ ಇಲ್ಲಿ" ಎಂದು ಅಜ್ಜಿ ಕರೆದರು. ಮೈಕು ಹತ್ತಿರವೇ ಇದ್ದದ್ದರಿಂದ ಅದು ಮಾರ್ಕೆಟ್ಟಿನವರೆಗೂ ಕೇಳಿಸಿರಬೇಕು.

ಹೋಗಿ ಕೂತೆ. ನಾನು ನಾನಾಗಿ ಆಡುವಂತಿರಲಿಲ್ಲ, ನಾಗರಾಜಣ್ಣನನ್ನು ಆರಿಸಿಕೊಂಡೆ. ಅವರು ತಕ್ಷಣ ಮೈಕಿನಲ್ಲಿ, "ಒದೆಯೋದು ನಾನಲ್ಲ ತಾಯಂದಿರೇ, ಸುಮಮ್ಮ ಒದೀತಿರೋದು. ದಯವಿಟ್ಟು ಅರ್ಥ ಮಾಡ್ಕೊಳ್ಳಿ" ಎಂದು ವಿನಂತಿಸಿಕೊಂಡರು.

ಆಟ ಶುರುವಾಯಿತು. ಅಜ್ಜಿಯ ಕವಡೆ ನನಗೆ ತಾಗಿದವು, ನನ್ನ ಎಲೆಕೋಸು ಅವರಿಗೆ ತಾಗಿತು. ಇಬ್ಬರ ಶಕ್ತಿಯೂ ಇಳಿಯುತ್ತಾ ಬಂತು. ಅಜ್ಜಿ ಆತುರಪಟ್ಟು ಮುಂದೆ ಬಂದರು. ಇನ್ನೊಂದು ಒದೆತ ಸಾಕಿತ್ತು. ಗುಂಡಿಯ ಮೇಲಿಟ್ಟ ನನ್ನ ಬೆರಳು ಅಲ್ಲೇ ನಿಂತಿತು. ಕುರ್ಚಿಗಳ ಸಾಲಿನಲ್ಲಿ ರುಕ್ಮಿಣಿ ಆಂಟಿ ಸೆರಗನ್ನು ಬಾಯಿಗೆ ಹಿಡಿದಿರುವುದು ಕಣ್ಣಂಚಿನಲ್ಲಿ ಕಂಡಿತು.

ಅಜ್ಜಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಬಿಟ್ಕೊಟ್ರೆ ಇನ್ನು ನಮ್ಮನೇ ಜಗಲಿ ಹತ್ತಬೇಡ" ಎಂದರು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಒತ್ತಿದೆ. ಪದ್ದಜ್ಜಿ ಬಿದ್ದರು.

ಆಂಟಿ ಕುರ್ಚಿಯಿಂದ ಎದ್ದು ನಿಂತರು. ಅಜ್ಜಿ ಪರದೆಯನ್ನೇ ನೋಡುತ್ತಿದ್ದರು. ಆಮೇಲೆ ಅವರ ಭುಜ ಅಲುಗಾಡಿತು. ಅಳುತ್ತಿದ್ದಾರೆಂದು ಹೆದರಿ ನಾನು ತಿರುಗಿದೆ. ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

"ಎಷ್ಟು ದಿನ ಆಗಿತ್ತೇ ನಾನು ಸೋತು!" ಎಂದರು.

ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಇನ್ನೊಂದಾಟ" ಎಂದರು. ನನ್ನ ಚೌಕ, ನನ್ನ ಸಿಟ್ಟು ಯಾವುದೂ ಆ ಹೊತ್ತಿಗೆ ನನಗೆ ನೆನಪಿರಲಿಲ್ಲ. ಎರಡನೆಯ ಆಟದಲ್ಲಿ ಗೊತ್ತಿದ್ದ ಗುಟ್ಟನ್ನೆಲ್ಲ ಹಾಕಿ, ಉಸಿರು ಬಿಗಿಹಿಡಿದು ಆಡಿದೆ. ಅಜ್ಜಿ ಕಾದರು. ನಾನು ಹಾರುವ ತನಕ ಕಾದು, ಮುಷ್ಟಿ ಕವಡೆ ಬೀಸಿದರು. ನಾನು ಬಿಟ್ಟುಕೊಟ್ಟಿರಲಿಲ್ಲ. ಸೋತೆ.